ಗಟ್ಟಿ ಮಾಡಬೇಡಿ, ಬಿಚ್ಚೋಕೆ ಬರೋ ಹಾಗೆ ಮಾಡಿ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ನ್ಯೂಜೆರ್ಸಿಯ ನಮ್ಮ ಮನೆಯ ನೆಲಮಾಳಿಗೆಯಲ್ಲಿ ನಾನೊಂದು ಹಾರ್ಪ್ಸಿಕಾರ್ಡ್ ಕಟ್ಟಿದ್ದನ್ನು ಸುಮ್ನೆ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೆ. ಪತ್ರಗಳೆಲ್ಲ ಆ ಒಂದು ಸಾಲಿಗೇ ಬಂದಿವೆ. ಈ ವಾದ್ಯ ನೋಡದವರಿಗೆ ಇಷ್ಟು ಹೇಳಿಬಿಡ್ತೀನಿ: ಹೊರಗಿನಿಂದ ಪಿಯಾನೋದ ಬಡಕಲು ಅಕ್ಕನ ಹಾಗಿರುತ್ತದೆ, ಒಳಗಿನ ಕೆಲಸ ಮಾತ್ರ ವೀಣೆಯದು. ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಇದರಲ್ಲಿ ಕೀ ಒತ್ತಿದರೆ ಒಂದು ಮರದ ಕಡ್ಡಿ ಮೇಲೇಳುತ್ತದೆ, ಅದರ ಮೂತಿಗೆ ಸಿಕ್ಕಿಸಿದ ಗರಿಯ ಚೂರು ತಂತಿಯನ್ನು ಮೀಟುತ್ತದೆ. ಆ ಕಡ್ಡಿಗೆ ಜ್ಯಾಕ್ ಅಂತ ಹೆಸರು.

ಪ್ರಶ್ನೆ: ನಾನು ಬಾಸ್ಟನ್ ಹತ್ತಿರ ಇದ್ದೀನಿ. ಮಗಳು ಪಿಯಾನೋ ಬಿಟ್ಟು ಈಗ ಹಾರ್ಪ್ಸಿಕಾರ್ಡ್ ಹಿಂದೆ ಬಿದ್ದಿದ್ದಾಳೆ. ನಮ್ಮಜ್ಜ ತೀರ್ಥಹಳ್ಳಿಯಲ್ಲಿ ಬಡಗಿ, ಅವರ ಉಳಿಗಳು ನನ್ನ ಹತ್ರ ಇವೆ. ಕಿಟ್ ತಂದು ಕಟ್ಟೋಣ ಅಂತ ಆಸೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು, ಅದಕ್ಕೆ ಗಟ್ಟಿ ಹಲಗೆ, ಗಟ್ಟಿ ಅಂಟು ಹಾಕಿ ಗಟ್ಟಿಯಾಗಿ ಮಾಡೋಣ ಅಂತಿದ್ದೀನಿ. ಎಲ್ಲಿ ಎಡವುತ್ತೀನಿ, ಮೊದಲೇ ಹೇಳಿಬಿಡಿ.

ಒಂದೇ ಸಾಲಲ್ಲಿ ಮೂರು ಸಲ ‘ಗಟ್ಟಿ’ ಬರೆದಿದ್ದೀರಿ. ಎಡವೋದು ಅಲ್ಲೇ.

ಇದೇ ತಪ್ಪನ್ನು ದೊಡ್ಡ ದೊಡ್ಡವರೂ ಮಾಡಿದ್ದಾರೆ. 1800ರ ಸುಮಾರಿಗೆ ಪಿಯಾನೋ ಬಂದು ಹಾರ್ಪ್ಸಿಕಾರ್ಡ್ ಮೂಲೆಗೆ ಸೇರಿತು. ನೂರು ವರ್ಷ ಕಳೆದ ಮೇಲೆ ಅದಕ್ಕೆ ಮತ್ತೆ ಜೀವ ಕೊಡೋಕೆ ಹೊರಟವರಿಗೆ ಕೈಗೆ ಗೊತ್ತಿದ್ದದ್ದು ಪಿಯಾನೋ ಕಟ್ಟುವ ಕೆಲಸ ಒಂದೇ. ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿ 1912ರಲ್ಲಿ ವಾಂಡಾ ಲಾಂಡೋವ್ಸ್ಕಾ ಅವರಿಗೆಂದು ಮಾಡಿದ ವಾದ್ಯವನ್ನೇ ನೋಡಿ, ಪಿಯಾನೋದ ಹಾಗೆ ದಪ್ಪ ಮೈ, ಭಾರದ ಕಟ್ಟು, ಕಾಲಲ್ಲಿ ಒತ್ತೋ ಪೆಡಲುಗಳು. ಆಕೆ ನುಡಿಸಿದ್ದರಿಂದ ಜಗತ್ತು ಕಿವಿಗೊಟ್ಟಿತು, ಅದು ಬೇರೆ ಮಾತು. ಆದರೆ ಅಷ್ಟು ದೊಡ್ಡ ಮೈಗೆ ದನಿ ಕಮ್ಮಿ. 1949ರಲ್ಲಿ ನಿಮ್ಮ ಬಾಸ್ಟನ್ನಿನಲ್ಲೇ ಫ್ರಾಂಕ್ ಹಬಾರ್ಡ್ ಮತ್ತು ವಿಲಿಯಂ ಡೌಡ್ ಅಂತ ಇಬ್ಬರು ಒಂದು ಕಾರ್ಖಾನೆ ಶುರು ಮಾಡಿ, ಮ್ಯೂಸಿಯಮ್ಮಿನ ಹಳೇ ವಾದ್ಯಗಳನ್ನು ಅಳೆದು, ಹಳಬರು ಹೇಗೆ ಕಟ್ಟುತ್ತಿದ್ದರೋ ಹಾಗೇ ಕಟ್ಟೋಕೆ ಹೊರಟರು. ತೆಳ್ಳನೆ ಹಲಗೆ, ಹಗುರ ಮೈ. ದನಿ ತಾನಾಗೇ ಬಂತು.

ತಂತಿಯ ಕೆಳಗಿನ ನಾದದ ಹಲಗೆ ಸ್ಪ್ರೂಸ್ ಮರದ್ದು, ದಪ್ಪ ಸುಮಾರು 3 ಮಿಲಿಮೀಟರ್, ಅಂಚಿನ ಕಡೆ ಇನ್ನೂ ತೆಳು. ಬೆಳಕಿಗೆ ಹಿಡಿದರೆ ಕೆಂಪಗೆ ಕಾಣುತ್ತೇನೋ ಅನ್ನಿಸುತ್ತೆ. ಅದನ್ನು ಕೀಸುವಾಗ ಬರೋ ಸಿಪ್ಪೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ನಡುನಡುವೆ ಬೆರಳ ಗಣ್ಣಿನಿಂದ ತಟ್ಟಿ ತಟ್ಟಿ ಕೇಳಬೇಕು, ನಮ್ಮಲ್ಲಿ ಹಲಸಿನ ಹಣ್ಣು ತಟ್ಟಿ ನೋಡ್ತಾರಲ್ಲ ಹಾಗೆ.

ನನ್ನ ತಪ್ಪು ಏನಾಯ್ತು ಅಂದರೆ, ಈ ಹಲಗೆಯನ್ನು ಆಗಸ್ಟ್ ತಿಂಗಳಲ್ಲಿ ಅಂಟಿಸಿದೆ. ನ್ಯೂಜೆರ್ಸಿಯ ಆಗಸ್ಟ್ ಅಂದರೆ ಮಂಗಳೂರಿನ ಸೆಕೆ. ಮರ ಗಾಳಿಯ ತೇವ ಕುಡಿದು ಉಬ್ಬಿತ್ತು, ನನಗೆ ತಿಳಿಯಲಿಲ್ಲ. ಜನವರಿಯಲ್ಲಿ ಹೀಟರ್ ಓಡಿ ಓಡಿ ಮನೆಯ ಗಾಳಿ ಒಣಗಿತು. ಹಲಗೆ ಕುಗ್ಗಬೇಕು, ಆದರೆ ಸುತ್ತಲೂ ಅಂಟಿಸಿಬಿಟ್ಟಿದ್ದೀನಿ, ಕುಗ್ಗೋಕೆ ಜಾಗ ಎಲ್ಲಿದೆ? ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಕೆಳಗಿನಿಂದ ಟಪ್ ಅಂತ ಸದ್ದು. ಹೆಂಡತಿ ‘ಇಲಿ’ ಅಂದಳು. ನನಗೆ ಗೊತ್ತಾಗಿಹೋಯ್ತು. ಕೆಳಗೆ ಹೋಗಿ ನೋಡಿದರೆ ಒಂದು ಅಡಿ ಉದ್ದ ಬಿರುಕು. ಆದ್ದರಿಂದ ನೀವು ಆ ಹಲಗೆಯನ್ನು ಒಣ ಚಳಿಗಾಲದಲ್ಲೇ ಅಂಟಿಸಿ. ಒಣಗಿದಾಗ ಅಂಟಿಸಿದರೆ ಮಳೆ ಬಂದಾಗ ಅದು ಸ್ವಲ್ಪ ಮೇಲಕ್ಕೆ ಉಬ್ಬುತ್ತದೆ, ಅಷ್ಟೇ, ಸೀಳಲ್ಲ. ಆಮೇಲೂ ಕೋಣೆಯ ತೇವ ನೂರಕ್ಕೆ 50ರ ಆಸುಪಾಸಿನಲ್ಲಿ ಇರಲಿ. ಪಕ್ಕದಲ್ಲಿ ಒಂದು ಅಳೆಯೋ ಮೀಟರ್ ಇಡಿ, ಅದೇನೂ ದುಬಾರಿ ಅಲ್ಲ.

ಇನ್ನು ಅಂಟು. ಅಂಗಡಿಯಲ್ಲಿ ಸಿಗೋ ಬಿಳಿ, ಹಳದಿ ಅಂಟು ಬೇಡ, ಎಪಾಕ್ಸಿಯಂತೂ ಬೇಡವೇ ಬೇಡ. ನಿಮ್ಮಜ್ಜ ಸರೇಸು ಕಾಯಿಸಿದ್ದನ್ನು ನೋಡಿದ್ದೀರಾ? ತೊಗಲಿನಿಂದ ಮಾಡಿದ ಅಂಟು, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬ ಇಟ್ಟು ಕರಗಿಸಬೇಕು, ಮನೆ ತುಂಬ ವಾಸನೆ. ಅದನ್ನೇ ಹಾಕಿ. ಹಿಡಿತ ಕಮ್ಮಿ ಏನಿಲ್ಲ, ಆದರೆ ಶಾಖ ಮತ್ತು ನೀರು ಕೊಟ್ಟರೆ ಬಿಡುತ್ತೆ. ನನ್ನ ಬಿರುಕನ್ನು ಸರಿಮಾಡೋಕೆ ಆಗಿದ್ದೇ ಅದರಿಂದ. ಬಿಸಿ ಚಾಕು ತೂರಿಸಿ ಹಲಗೆಯ ಒಂದು ಅಂಚು ಬಿಡಿಸಿದೆ, ಬಿರುಕಿಗೆ ಸ್ಪ್ರೂಸಿನ ಸಣ್ಣ ಪಟ್ಟಿ ಕೂರಿಸಿದೆ, ಮತ್ತೆ ಅಂಟಿಸಿದೆ. ಈಗಲೂ ಕೈಯಾಡಿಸಿದರೆ ಆ ಪಟ್ಟಿ ಬೆರಳಿಗೆ ಸಿಗುತ್ತೆ.

ಮೊಮ್ಮಕ್ಕಳ ಕಾಲಕ್ಕೆ ಉಳಿಯೋದು ಹೀಗೆ. ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಹಾರ್ಪ್ಸಿಕಾರ್ಡ್ ಕಟ್ಟುತ್ತಿದ್ದ ರೂಕರ್ಸ್ ಮನೆತನದ ಕಥೆ ಕೇಳಿ. ಹಾನ್ಸ್ ರೂಕರ್ಸ್ 1579ರಲ್ಲಿ ಅಲ್ಲಿನ ಕುಶಲಕರ್ಮಿಗಳ ಸಂಘ ಸೇರಿದವನು. ಆಮೇಲೆ ಮಕ್ಕಳು, ಮೊಮ್ಮಕ್ಕಳು ಅದೇ ಕಸುಬು. ನಾದದ ಹಲಗೆ ಮೇಲೆ ಹೂವು, ಹಕ್ಕಿ, ಹುಳಹುಪ್ಪಟೆ ಬರೆಸೋರು, ಹಲಗೆಯ ತೂತಿಗೆ ಹಾರ್ಪ್ ನುಡಿಸೋ ದೇವತೆಯ ಬಿಲ್ಲೆ, ಪಕ್ಕದಲ್ಲೇ ಮಾಡಿದವನ ಹೆಸರಿನ ಮೊದಲಕ್ಷರ. ನೂರು, ನೂರೈವತ್ತು ವರ್ಷ ಆದ ಮೇಲೆ ಪ್ಯಾರಿಸ್ಸಿನವರು, ಅಂದರೆ ಬ್ಲಾಂಶೆ, ಟಾಸ್ಕಿನ್ ಥರದ ಕುಶಲಿಗಳು, ಅವನ್ನು ಕೊಂಡು ಗರಗಸ ಹಾಕಿ ಅಗಲ ಮಾಡಿದರು, ಕೀ ಸೇರಿಸಿದರು, ಜ್ಯಾಕ್ ಬದಲಿಸಿದರು. ಹಾಗೆ ಬಿಚ್ಚಿ ಕಟ್ಟೋದಕ್ಕೆ ‘ರಾವಾಲ್‌ಮಾಂ’ ಅಂತ ಹೆಸರೇ ಇತ್ತು. ಹಳೇ ಹಲಗೆ ಉಳಿಯಿತು, ಉಳಿದದ್ದೆಲ್ಲ ಹೊಸದು. ರೂಕರ್ಸ್ ಎಷ್ಟು ಬೆಲೆ ಬಾಳುತ್ತಿತ್ತು ಅಂದರೆ ನಕಲಿ ರೂಕರ್ಸ್ ಮಾಡೋರೂ ಹುಟ್ಟಿಕೊಂಡರು.

ಕಿಟ್ ಅಂತ ನಾಚಿಕೊಳ್ಳಬೇಡಿ. ವೂಲ್ಫ್‌ಗ್ಯಾಂಗ್ ಝುಕರ್‌ಮನ್ ಅನ್ನೋರು ನ್ಯೂಯಾರ್ಕಿನಲ್ಲಿ ಪಿಯಾನೋ ರಿಪೇರಿ ಮಾಡ್ತಿದ್ದವರು, 1960ರ ಸುಮಾರಿಗೆ 150 ಡಾಲರಿಗೆ ಒಂದು ಕಿಟ್ ಮಾರೋಕೆ ಶುರು ಮಾಡಿದರು. ಐದು ಅಡಿ ಉದ್ದ. ಪಕ್ಕದ ಹಲಗೆಯನ್ನು ಬಾಗಿಸೋದು ಮನೇಲಿ ಕಷ್ಟ ಅಂತ ಬಾಗಿಸದೆ ನೇರವಾಗೇ ಇಟ್ಟರು. ಸಾವಿರಾರು ಮನೆಗಳಲ್ಲಿ ಅದು ಊಟದ ಮೇಜಿನ ಮೇಲೆ ತಯಾರಾಯ್ತು. ಈಗ ಸಿಗೋ ಕಿಟ್‌ಗಳು ಅದಕ್ಕಿಂತ ಎಷ್ಟೋ ಚೆನ್ನ, ಬೆಲೆಯೂ ಹಾಗೇ! ಮೊದಲನೇದಕ್ಕೆ ಒಂದೇ ಸಾಲು ಕೀ ಇರೋದು ಸಾಕು. ನನ್ನದು 54 ಕೀ, ಪ್ರತಿ ಕೀಗೆ ಎರಡು ತಂತಿ, ಒಟ್ಟು 108 ಜ್ಯಾಕ್. ಮೂರು ಚಳಿಗಾಲ ಹಿಡಿಯಿತು.

ಅಜ್ಜನ ಉಳಿಗೆ ಕೆಲಸ ಕುದುರೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲೋ ಮರದ ಪಟ್ಟಿ, ಕೆತ್ತುವಲ್ಲಿ ಇದೆ. ವೀಣೆಯ ಹಾಗೇ ಇದಕ್ಕೂ ಕುದುರೆ ಉಂಟು, ಬಿರಡೆಗಳೂ ಉಂಟು. ಕಿಟ್‌ನವರು ಕೆತ್ತಿದ್ದನ್ನೇ ಕೊಡ್ತೀವಿ ಅಂದರೆ ಬೇಡ ಅನ್ನಿ, ಬರೀ ಮರ ತರಿಸಿಕೊಳ್ಳಿ. ಮಗಳ ಕೈಗೂ ಉಳಿ ಕೊಡಿ. ನಾಳೆ ರಿಪೇರಿ ಮಾಡಬೇಕಾದವಳು ಅವಳು ತಾನೆ?

ಪ್ರಶ್ನೆ: ಕಾಗೆ ಗರಿ ಹಾಕ್ತಾರೆ ಅಂತ ಓದಿದೆ. ನಿಜವಾ, ತಮಾಷೆಯಾ? (ಡಲ್ಲಾಸ್‌ನಿಂದ)

ನಿಜ. ಹಿಂದೆ ಕಾಡುಕಾಗೆಯ ರೆಕ್ಕೆಗರಿಯ ದಂಟನ್ನೇ ಹಾಕುತ್ತಿದ್ದರು. ಆದರೆ ನಾವು ಅಮೆರಿಕದಲ್ಲಿ ಇದ್ದೀವಿ, ಹಿತ್ತಲಲ್ಲಿ ಬಿದ್ದ ಕಾಗೆ ಗರಿ ಆರಿಸಿ ಮನೇಲಿ ಇಟ್ಟುಕೊಳ್ಳೋದೂ ಇಲ್ಲಿ ತಪ್ಪು. ವಲಸೆ ಹಕ್ಕಿಗಳ 1918ರ ಕಾನೂನಿನ ಪಟ್ಟಿಯಲ್ಲಿ ಕಾಗೆಯೂ ಇದೆ. ಪಿತೃಪಕ್ಷದಲ್ಲಿ ಕರೆದರೂ ಬಾರದ ಹಕ್ಕಿಗೆ ಇಲ್ಲಿ ಎಂಥ ಕಾವಲು ನೋಡಿ. ಸಾಕಿದ ಹೆಬ್ಬಾತಿನ ಗರಿ ಹಾಕೋರಿದ್ದಾರೆ. ಹೆಚ್ಚಿನವರು ಡೆಲ್ರಿನ್ ಅನ್ನೋ ಪ್ಲಾಸ್ಟಿಕ್ ಹಾಕುತ್ತಾರೆ, ನಾನೂ ಅದನ್ನೇ.

ಯಾವುದಾದರೂ ಸರಿ, ಅದನ್ನು ಕತ್ತರಿಸೋದೇ ಅಸಲಿ ಕೆಲಸ. ಜ್ಯಾಕ್ ಕೈಲಿ ಹಿಡಿದು, ಚೂರನ್ನು ಸಣ್ಣ ಮರದ ತುಂಡಿನ ಮೇಲೆ ಇಟ್ಟು, ಕೆಳಗಿನ ಮೈಯಿಂದ ಚಾಕುವಿನಲ್ಲಿ ಒಂದೆಳೆ ಹೆರೆಯಬೇಕು. ಹಾಕಿ ನುಡಿಸಬೇಕು. ಒರಟಾಗಿ ಕೂಗಿತಾ, ತೆಗೆದು ಇನ್ನೊಂದೆಳೆ. ಮತ್ತೆ ಹಾಕಬೇಕು. ಒಂದು ಎಳೆ ಜಾಸ್ತಿ ಹೋಯ್ತೋ, ದನಿ ಸತ್ತೇಹೋಯ್ತು, ಎಸೆದು ಹೊಸದು ಶುರು ಮಾಡಿ. ನನಗೆ ಮೊದಲ ಹತ್ತಕ್ಕೆ ಒಂದು ಇಡೀ ಭಾನುವಾರ ಬೇಕಾಯ್ತು. ಆಮೇಲೆ ಕೈ ಕೂತಿತು.

ಪ್ರಶ್ನೆ: ಮೈಸೂರಿನಲ್ಲಿ ವೀಣೆ ಮಾಡೋರ ಹತ್ರ ಬೀಟೆ ಮರದಲ್ಲಿ ಮಾಡಿಸಬಹುದಾ?

ಕೈಚಳಕ ಅವರಲ್ಲಿ ಬೇಕಾದಷ್ಟಿದೆ. ಆದರೆ ನಾದದ ಹಲಗೆಗೆ ಬೀಟೆ ತುಂಬ ಭಾರ, ಸ್ಪ್ರೂಸ್ ತರಿಸಲೇಬೇಕು. ಹೊರಮೈ ಹಗುರವಾದ ಮರದ್ದಾಗಲಿ, ಬೀಟೆ ಕೀಗಳಿಗೆ ಚೆನ್ನ. ಭಾರತದ ಹವೆಗೆ ಈ ವಾದ್ಯ ಹೊಸದೇನಲ್ಲ ಬಿಡಿ. ಕಂಪನಿ ಕಾಲದ ಇಂಗ್ಲಿಷ್ ಮನೆಗಳಲ್ಲಿ ಹಡಗಿನಲ್ಲಿ ಬಂದ ಹಾರ್ಪ್ಸಿಕಾರ್ಡ್‌ಗಳು ಇದ್ದವು. ಅಲ್ಲಿನ ಹಾಡುಗಳನ್ನು ಕೇಳಿ ಹಾರ್ಪ್ಸಿಕಾರ್ಡಿಗೆ ಬರೆದ ಒಂದು ಪುಸ್ತಕವೇ 1789ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಗಿದೆ. ಶ್ರುತಿ ಮಾಡೋದನ್ನು ಮಾತ್ರ ನೀವೇ ಕಲಿಯಿರಿ. ಜೂನಿನಲ್ಲಿ ದಿನಾ ಮಾಡಬೇಕಾಗಬಹುದು.

ಪ್ರಶ್ನೆ: ಇದರಲ್ಲಿ ನಮ್ಮ ಕರ್ನಾಟಕ ಸಂಗೀತ ಬರುತ್ತಾ? ಅಮ್ಮ ಕೇಳ್ತಿದ್ದಾರೆ.

ಅಮ್ಮನಿಗೆ ನಮಸ್ಕಾರ ತಿಳಿಸಿ. ತೋಡಿ ಬರಲ್ಲ. ತಂತಿ ಎಳೆಯೋಕೆ ಆಗಲ್ಲ, ಹಾಗಾಗಿ ಗಮಕ ಇಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಒಂದೇ. ಆದರೆ ದೀಕ್ಷಿತರ ನೊಟ್ಟುಸ್ವರ ಇವೆಯಲ್ಲ, ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ್ದು, ಅವು ಇದಕ್ಕೆಂದೇ ಹುಟ್ಟಿದ ಹಾಗಿವೆ. ನಮ್ಮತ್ತೆ ಬಂದಾಗ ‘ಶ್ಯಾಮಳೇ ಮೀನಾಕ್ಷಿ’ ನುಡಿಸಿದೆ. ಪೂರ್ತಿ ಕೇಳಿ, ‘ಚೆನ್ನಾಗಿದೆ, ಆದ್ರೆ ಪಾತ್ರೆ ಸ್ಟ್ಯಾಂಡಿಗೆ ಚಮಚ ಬಿದ್ದ ಹಾಗೆ ಕೇಳತ್ತೆ’ ಅಂದರು. ಎರಡನೇ ಸಲ ನುಡಿಸು ಅಂದದ್ದೂ ಅವರೇ.