ಗುದ್ದಿಗೆ ಬಲವೂ ಬರಬೇಕು, ಮುಖಕ್ಕೆ ಏಟೂ ಬೀಳಬಾರದು: ಬಾಕ್ಸಿಂಗ್‌ಗೆ ದೇಹವನ್ನು ಹೇಗೆ ಪಳಗಿಸಬೇಕು?

ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 19, ತೂಕ 62 ಕೆಜಿ, ಎಂಟು ತಿಂಗಳಿಂದ ಕಲಬುರಗಿಯಲ್ಲೇ ಬಾಕ್ಸಿಂಗ್ ಕಲಿಯುತ್ತಿದ್ದೀಯ. ಗುದ್ದಿದರೆ ಎದುರಿನವನಿಗೆ ತಾಗಿದ ಹಾಗೇ ಇರುವುದಿಲ್ಲ, ಆದರೆ ಸ್ಪಾರಿಂಗ್‌ಗೆ (ಜೊತೆಗಾರನೊಡನೆ ಅಭ್ಯಾಸದ ಪಂದ್ಯಕ್ಕೆ) ಇಳಿದರೆ ನಿನ್ನ ಮುಖಕ್ಕೆ ಏಟು ತಪ್ಪುವುದಿಲ್ಲ. ತೋಳಿಗೆ ಬಲ ಬರಲು ಏನು ಮಾಡಬೇಕು, ಏಟು ತಪ್ಪಿಸಿಕೊಳ್ಳಲು ಬೇರೆ ಏನು ಮಾಡಬೇಕು ಎಂದು ಕೇಳಿದ್ದೀಯ. ನನಗೆ 46. ನಾನೂ ಕಲಬುರಗಿಯವನೇ. ಹುಡುಗನಾಗಿದ್ದಾಗ ತಾಲೀಮಿನ, ಅಂದರೆ ಕುಸ್ತಿ ಗರಡಿಯ, ಕೆಂಪು ಮಣ್ಣಿನಲ್ಲಿ ಹೊರಳಿದವನು, ಆಮೇಲೆ ಹೈದರಾಬಾದಿನಲ್ಲಿ ನೌಕರಿ ಮಾಡುವಾಗ ಆರು ವರ್ಷ ಬಾಕ್ಸಿಂಗ್ ಕಲಿತೆ. ಈಗ ಬೆಳಗಿನ ಹೊತ್ತು ಹತ್ತು ಹನ್ನೆರಡು ಹುಡುಗರಿಗೆ, ಮೂವರು ಹುಡುಗಿಯರಿಗೆ ಹೇಳಿಕೊಡುತ್ತೇನೆ. ವಯಸ್ಸಿನ ಸಲುಗೆಯಿಂದ ತಮ್ಮಾ ಅಂತಲೇ ಬರೆಯುತ್ತೇನೆ.

ತಮ್ಮಾ, ನೀನು ಕೇಳಿದ ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಟೊಂಕದಲ್ಲಿ, ಮತ್ತು ಅದರ ಕೆಳಗಿನ ಕಾಲುಗಳಲ್ಲಿ. ಇದನ್ನು ನನಗೆ ಮೊದಲು ತೋರಿಸಿಕೊಟ್ಟವರು ಯಾವ ಕೋಚೂ ಅಲ್ಲ, ನಮ್ಮಪ್ಪ. ಅಪ್ಪ ನೆಹರು ಗಂಜಿನ ಧಾನ್ಯ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ತೊಗರಿ ಸುಗ್ಗಿಯಲ್ಲಿ ಲಾರಿಗೆ ಮೂಟೆ ತುಂಬುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅಪ್ಪನ ತೋಳು ನನ್ನ ಈಗಿನ ತೋಳಿಗಿಂತ ಸಣ್ಣ. 50 ಕೆಜಿ ಚೀಲದ ಕಿವಿ ಹಿಡಿಯುತ್ತಿದ್ದರು, ಮೊಣಕಾಲು ಒಂದಿಷ್ಟು ಬಾಗುತ್ತಿತ್ತು, ಹಿಂದಿನ ಹಿಮ್ಮಡಿ ನೆಲ ಬಿಡುತ್ತಿತ್ತು, ಟೊಂಕ ಗಕ್ಕನೆ ತಿರುಗುತ್ತಿತ್ತು. ಅಷ್ಟರಲ್ಲಿ ಚೀಲ ತಾನಾಗಿ ಲಾರಿಯ ಫಾಳಕ್ಕೆ ಏರಿರುತ್ತಿತ್ತು. ಕೈ ಅದಕ್ಕೆ ದಾರಿ ತೋರಿಸಿದ್ದು ಮಾತ್ರ. ನಾನೊಮ್ಮೆ ಹುರುಪಿನಿಂದ ತೋಳಲ್ಲೇ ಎತ್ತಲು ಹೋದಾಗ ಅಪ್ಪ ಅಂದಿದ್ದರು: "ಕೈಲೆ ಎತ್ತಿದ್ರ ಸಂಜಿತನ ಉಳಿಯಂಗಿಲ್ಲೋ ತಮ್ಮಾ. ಟೊಂಕದಾಗಿಂದ ಒಗಿ."

ಬಲಗೈಯ ಕ್ರಾಸ್ ಪಂಚ್, ಅಂದರೆ ಹಿಂದಿನ ಕೈಯಿಂದ ನೇರ ಹೊಡೆಯುವ ಗುದ್ದು, ಅದೂ ಇದೇ ಕೆಲಸ. ಬಲ ನೆಲದಿಂದ ಏಳುತ್ತದೆ. ಹಿಂಗಾಲಿನ ಬೆರಳಬುಡ ನೆಲವನ್ನು ಒತ್ತುತ್ತದೆ, ಹಿಮ್ಮಡಿ ಎದ್ದು ಹೊರಕ್ಕೆ ತಿರುಗುತ್ತದೆ, ಬೀಡಿ ತುಂಡು ಹೊಸಕಿದ ಹಾಗೆ. ಅದರ ಹಿಂದೆಯೇ ಮೊಣಕಾಲು, ಟೊಂಕ, ಹೆಗಲು, ಕೊನೆಗೆ ಕೈ. ಈ ಸಾಲಿನಲ್ಲಿ ಯಾರೂ ಮುಂದೆ ನುಗ್ಗಬಾರದು. ಕೈ ಮೊದಲು ಹೊರಟರೆ ಅದು ಬರೀ ತೋಳಿನ ತೂಕ, ಟೊಂಕದ ಹಿಂದೆ ಹೊರಟರೆ ಇಡೀ ಮೈ ತೂಕ. ಮುಷ್ಟಿಯನ್ನು ಮೊದಲಿನಿಂದ ಬಿಗಿ ಹಿಡಿಯಬೇಡ. ತಾಗುವ ಕ್ಷಣಕ್ಕೆ ಬಿಗಿ, ಬಾಯಿಂದ ಚುರುಕಾಗಿ ಉಸಿರು ಹೊರಗೆ, ಕೈ ಹೋದ ದಾರಿಯಲ್ಲೇ ವಾಪಸ್ ಗದ್ದದ ಹತ್ತಿರಕ್ಕೆ. ಎಂಟು ತಿಂಗಳಾದವರಲ್ಲಿ ನಾನು ಹೆಚ್ಚಾಗಿ ನೋಡುವ ತಪ್ಪು ಎಂದರೆ ಗುದ್ದುವ ಬದಲು ತಳ್ಳುವುದು. ಗುದ್ದುವ ಬ್ಯಾಗು ದೂರಕ್ಕೆ ತೂಗಾಡಿದರೆ ಹುಡುಗರಿಗೆ ಖುಷಿ. ಆದರೆ ಸರಿಯಾದ ಏಟಿಗೆ ಬ್ಯಾಗು ತೂಗುವುದು ಕಡಿಮೆ, ಇದ್ದಲ್ಲೇ ನಡುಗಿ ಮಡಚಿಕೊಳ್ಳುತ್ತದೆ. ಆ ಸದ್ದೇ ಬೇರೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಡಂಬಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ (ಗಾಳಿಯಲ್ಲೇ ಗುದ್ದುವ ಅಭ್ಯಾಸ) ಮಾಡುತ್ತಿದ್ದೇನೆ ಎಂದು ಬರೆದಿದ್ದೀಯ. ಇವತ್ತೇ ಬಿಡು. ಡಂಬಲ್ಲಿನ ಭಾರ ನೆಲದ ಕಡೆ ಎಳೆಯುತ್ತದೆ, ನಿನ್ನ ಗುದ್ದು ಮುಂದಕ್ಕೆ ಹೋಗಬೇಕು. ಭಾರ ಎಳೆಯುವ ದಿಕ್ಕೇ ಬೇರೆ ಆದಮೇಲೆ ಗುದ್ದಿನ ಬಲಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ, ಹೆಗಲು ಮೊಣಕೈಗೆ ನೋವು ಬರಬಹುದು. ಅದರ ಬದಲು ಎಸೆಯುವುದನ್ನು ಕಲಿ. 3 ಕೆಜಿಯ ಮೆಡಿಸಿನ್ ಬಾಲ್ (ಎಸೆದು ಸಾಮು ಮಾಡುವ ಭಾರದ ಚೆಂಡು) ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹಳೆಯ ಬಾಸ್ಕೆಟ್‌ಬಾಲಿಗೆ ಅಷ್ಟೇ ತೂಕ ಬರುವಷ್ಟು ಉಸುಕು ತುಂಬಿ ಹೊಲಿಸಿಕೋ. ಗೋಡೆಯ ಮುಂದೆ ಬಾಕ್ಸಿಂಗ್ ನಿಲುವಿನಲ್ಲಿ ನಿಂತು, ಟೊಂಕ ತಿರುಗಿಸಿ ಪೂರ್ತಿ ಜೋರಿನಿಂದ ಗೋಡೆಗೆ ಒಗಿ. ಒಂದೊಂದು ಕಡೆ ಐದು ಸಲ, ಆಮೇಲೆ ಎರಡು ನಿಮಿಷ ಪೂರ್ತಿ ವಿಶ್ರಾಂತಿ, ಹೀಗೆ ನಾಲ್ಕು ಸುತ್ತು. ವಿಶ್ರಾಂತಿ ಯಾಕೆ ಅಷ್ಟು ಎಂದು ಎಲ್ಲರೂ ಕೇಳುತ್ತಾರೆ. ದಣಿದ ಮೈ ನಿಧಾನವಾಗಿ ಎಸೆಯುತ್ತದೆ, ನಿಧಾನವಾಗಿ ಎಸೆದರೆ ಮೈ ನಿಧಾನವನ್ನೇ ಕಲಿಯುತ್ತದೆ.

ತಾಲೀಮಿನ ಸಾಮು ನನಗೆ ತಾಯಿಯ ಹಾಗೆ. ದಂಡ, ಬೈಠಕ್, ಗದೆ ತಿರುಗಿಸುವುದು, ಹಗ್ಗ ಹತ್ತುವುದು ಇವೆಲ್ಲ ಹೆಗಲು, ಬೆನ್ನು, ತೊಡೆಗೆ ಕೊಡುವ ಬುನಾದಿಯನ್ನು ಬೇರೆ ಯಾವುದೂ ಕೊಡಲಾರದು. ಗದೆಯಂತೂ ಟೊಂಕವನ್ನೂ ಹೆಗಲನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. 500 ಬೈಠಕ್ ಹೊಡೆಯುವುದು ತಾಳಿಕೆಯ ಕೆಲಸ, ಅದರಿಂದ ಸಿಡಿತ ಬರುವುದಿಲ್ಲ. ನನಗೂ ತೊಡೆ ಕಂಬದ ಹಾಗಿದ್ದವು, ಗುದ್ದು ಮಾತ್ರ ಮೆತ್ತಗಿತ್ತು. ವಾರಕ್ಕೆ ಎರಡು ದಿನ ಭಾರದ ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್, ಸರಿಯಾಗಿ ಹೇಳಿಕೊಡುವವರ ಎದುರಿಗೆ, ಐದೈದು ಸಲದ ಮೂರು ನಾಲ್ಕು ಸೆಟ್ ಸಾಕು. ಅವೇ ದಿನಗಳಲ್ಲಿ ಬೈಠಕ್ಕಿನಿಂದ ಮೇಲಕ್ಕೆ ಜಿಗಿಯುವುದು, ಐದು ಸಲಕ್ಕಿಂತ ಹೆಚ್ಚಿಲ್ಲ. ಜೊತೆಗೆ ಪುಲ್ ಅಪ್ಸ್. ಗುದ್ದಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಬೆನ್ನಿನ ಕೆಲಸ, ಕೈ ತಡವಾಗಿ ಬಂದರೆ ಆ ಸಂದಿನಲ್ಲೇ ಏಟು ಬೀಳುವುದು.

ಬ್ಯಾಗ್ ಮನೆಯಲ್ಲೇ ಮಾಡಿಕೊಳ್ಳುವುದಾದರೆ ಗೋಣಿ ಚೀಲಕ್ಕೆ ಬರೀ ಉಸುಕು ತುಂಬಬೇಡ. ಎರಡೇ ವಾರದಲ್ಲಿ ಉಸುಕು ಕೆಳಗೆ ಇಳಿದು ಕಲ್ಲಾಗುತ್ತದೆ. ಹಳೆಯ ಬಟ್ಟೆ ಸಣ್ಣಗೆ ಕತ್ತರಿಸಿ, ಕಟ್ಟಿಗೆ ಹೊಟ್ಟು ಬೆರೆಸಿ ಬಿಗಿಯಾಗಿ ತುಂಬು, ಮೇಲೆ ತಾಡಪತ್ರಿ ಸುತ್ತಿ ಹೊಲಿಸು. ನಿನ್ನ ತೂಕದ ಅರ್ಧ, ಅಂದರೆ 30 ಕೆಜಿ ಆಸುಪಾಸು ಇದ್ದರೆ ಸಾಕು. ಕೈಪಟ್ಟಿ ಇಲ್ಲದೆ ಅದನ್ನು ಮುಟ್ಟಬೇಡ. ಇದನ್ನು ಹೇಳುವಾಗ ನನ್ನ ಬಲಗೈ ಕಿರುಬೆರಳಿನ ಬುಡದ ಗೆಣ್ಣು ನೋಡಿಕೊಳ್ಳುತ್ತೇನೆ, ಅದು ಉಳಿದವುಗಳಿಗಿಂತ ಒಳಕ್ಕೆ ಇಳಿದಿದೆ. ಮೊದಲ ವರ್ಷ ಅವಸರದಲ್ಲಿ ಪಟ್ಟಿ ಕಟ್ಟದೆ, ಓರೆಯಾಗಿ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಹೊಡೆಯುವ ಗುದ್ದು) ಹೊಡೆದೆ. ಒಳಗೆ ಒಣ ಕಡ್ಡಿ ಮುರಿದಂಥ ಸದ್ದು. ಆರು ವಾರ ಪ್ಲಾಸ್ಟರ್, ಕೂಡಿಬಂದ ಮೇಲೂ ಗೆಣ್ಣು ಮೇಲೆ ಬರಲಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದಲೇ ತಾಗಬೇಕು, ಮಣಿಕಟ್ಟು ಮೊಣಕೈಗೆ ನೇರವಾಗಿರಬೇಕು. 4.5 ಮೀಟರಿನ ಪಟ್ಟಿ ತೆಗೆದುಕೋ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳುಗಳ ಸಂದಿನಲ್ಲಿ ಹಾಯಿಸಿ, ಹೆಬ್ಬೆರಳು ಬಳಸಿ, ಮತ್ತೆ ಮಣಿಕಟ್ಟಿಗೆ ತಂದು ಮುಗಿಸು. ಮುಷ್ಟಿ ಬಿಚ್ಚಿದಾಗ ಸಡಿಲ, ಕಟ್ಟಿದಾಗ ಬಿಗಿ ಅನ್ನಿಸಬೇಕು.

ಈಗ ಏಟು ತಪ್ಪಿಸುವ ಮಾತು. ನಮ್ಮ ಮೈದಾನದ ಅಂಚಿನಲ್ಲಿ ಎರಡು ಬೇವಿನ ಮರಗಳಿವೆ, ಅವುಗಳ ನಡುವೆ ಹೆಗಲೆತ್ತರಕ್ಕೆ ಹಗ್ಗ ಕಟ್ಟುತ್ತೇನೆ. ಹಗ್ಗಕ್ಕೆ ಚಾಕ್ ಪುಡಿ ತಿಕ್ಕುತ್ತೇನೆ. ಹುಡುಗ ಒಂದು ತುದಿಯಿಂದ ಹೆಜ್ಜೆಗೊಂದು ಸಲ ತಲೆಯನ್ನು ಹಗ್ಗದ ಅಡಿಯಿಂದ ಆ ಕಡೆ ಈ ಕಡೆ ದಾಟಿಸುತ್ತಾ ಮುಂದೆ ಹೋಗಬೇಕು, ಮತ್ತೆ ಹಾಗೆಯೇ ಹಿಂದಕ್ಕೆ ಬರಬೇಕು. ಸೋಮಾರಿತನ ಮಾಡಿದರೆ ಕೂದಲಿಗೆ ಬಿಳಿ ಹತ್ತುತ್ತದೆ, ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇಲ್ಲಿ ಬೆನ್ನು ಬಾಗಿಸುವುದು ದೊಡ್ಡ ತಪ್ಪು. ಬೆನ್ನು ಬಾಗಿದರೆ ಕಣ್ಣು ನೆಲ ನೋಡುತ್ತದೆ, ಕೆಳಗಿನಿಂದ ಮೇಲಕ್ಕೆ ಬರುವ ಎದುರಿನವನ ಅಪ್ಪರ್‌ಕಟ್ ನೇರವಾಗಿ ಗದ್ದಕ್ಕೆ. ಮೊಣಕಾಲು ಬಾಗಿಸು, ಬೆನ್ನು ನೆಟ್ಟಗಿರಲಿ, ಎರಡೂ ಕೈ ಕೆನ್ನೆಗೆ ಅಂಟಿರಲಿ, ಕಣ್ಣು ಎದುರಿನವನ ಎದೆಯ ಮೇಲಿರಲಿ. ಕೈ ಹೊರಡುವ ಮೊದಲೇ ಅವನ ಹೆಗಲು ಅಲುಗುತ್ತದೆ, ಎದೆ ನೋಡುತ್ತಿದ್ದರೆ ಎರಡೂ ಹೆಗಲು ಕಣ್ಣಂಚಿನಲ್ಲಿ ಸಿಗುತ್ತವೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ದಿನ ಆ ಜನಜಂಗುಳಿಯೊಳಗೆ ನಡೆದಿದ್ದೀಯಲ್ಲ? ಅಲ್ಲಿ ಯಾರೂ ಒಬ್ಬೊಬ್ಬರ ಮುಖ ನೋಡುತ್ತಾ ನಡೆಯುವುದಿಲ್ಲ. ಒಂದು ಹೆಗಲು ಮುಂದಕ್ಕೆ, ಒಂದು ಹಿಂದಕ್ಕೆ ಮಾಡಿ ಸಂದಿನಲ್ಲಿ ಜಾರುತ್ತೇವೆ. ಸ್ಲಿಪ್ ಅಂದರೆ ಅಷ್ಟೇ ಅಳತೆಯ ಚಲನೆ. ಏಟು ಕಿವಿಯ ಪಕ್ಕ ಸವರಿ ಹೋಗುವಷ್ಟು ಸರಿದರೆ ಸಾಕು. ಒಂದು ಮಾರು ದೂರ ಸರಿದವನು ಸುರಕ್ಷಿತ ನಿಜ, ಆದರೆ ತಿರುಗಿ ಹೊಡೆಯಲು ಅವನಿಗೆ ಎಟುಕುವುದಿಲ್ಲ.

ಎರಡೂ ಪ್ರಶ್ನೆಗೆ ಉತ್ತರ ಒಂದೇ ಎಂದೆನಲ್ಲ, ಅದು ಇಲ್ಲಿ ಕೂಡಿಕೊಳ್ಳುತ್ತದೆ. ನೀನು ಎಡಗಾಲು ಮುಂದಿಟ್ಟು ನಿಲ್ಲುವವನು. ಎದುರಿನವನೂ ಹಾಗೇ ನಿಂತು ಎಡಗೈ ಜಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆದಾಗ ನೀನು ಬಲಕ್ಕೆ ಸ್ಲಿಪ್ ಮಾಡುತ್ತೀಯ. ಆಗ ಮೈ ತೂಕವೆಲ್ಲ ಬಲಟೊಂಕದ ಮೇಲೆ ಕೂತಿರುತ್ತದೆ, ಅಂದರೆ ಬಲಗೈ ಕ್ರಾಸ್‌ಗೆ ಬಿಲ್ಲು ಎಳೆದಾಗಿದೆ. ಅವನು ಬಲಗೈ ಹೊಡೆದಾಗ ಎಡಕ್ಕೆ ಸ್ಲಿಪ್ ಮಾಡಿದರೆ ಎಡಟೊಂಕ ತುಂಬಿಕೊಳ್ಳುತ್ತದೆ, ಎಡಗೈ ಹುಕ್ ಸಿದ್ಧ. ತಪ್ಪಿಸಿಕೊಳ್ಳುವುದು ಸರಿಯಾದರೆ ಬಲದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ನಿನ್ನ ಗುದ್ದಿಗೆ ಬಲ ಇಲ್ಲದ್ದಕ್ಕೂ ಮುಖಕ್ಕೆ ಏಟು ಬೀಳುವುದಕ್ಕೂ ಒಂದೇ ಕಾರಣ ಎಂದು ನನಗೆ ಅನ್ನಿಸುವುದು ಇದಕ್ಕೇ: ನೀನು ಮೊಣಕಾಲು ನೆಟ್ಟಗೆ ಮಾಡಿ ನಿಲ್ಲುತ್ತಿದ್ದೀಯ.

ಅಮೆರಿಕದ ಬಾಕ್ಸರ್ ಜೋ ಫ್ರೇಜಿಯರ್‌ನ ಹಳೆಯ ಪಂದ್ಯಗಳು ಸಿಗುತ್ತವೆ, ನೋಡು. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೂಲಿ ಮಾಡಿಕೊಂಡಿದ್ದವನು, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. ಹೆವಿವೇಟ್‌ನಲ್ಲಿ ಅವನು ಎತ್ತರದವನಲ್ಲ, ಮೊಹಮ್ಮದ್ ಅಲಿಗಿಂತ ಗಿಡ್ಡ. ಹಾಗಾಗಿ ತಲೆಯನ್ನು ಕ್ಷಣವೂ ಒಂದೇ ಕಡೆ ಇಡದೆ, ಬಾಗುತ್ತಾ ಏಳುತ್ತಾ ಒಳಗೆ ನುಗ್ಗುತ್ತಿದ್ದ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, 15ನೇ ಸುತ್ತಿನಲ್ಲಿ ಅಲಿಯನ್ನು ನೆಲಕ್ಕೆ ಬೀಳಿಸಿದ್ದು ಅವನ ಎಡಗೈ ಹುಕ್. ಆ ಏಟನ್ನು ನಿಧಾನಗತಿಯಲ್ಲಿ ನೋಡುವಾಗ ಕೈ ನೋಡಬೇಡ, ಅದಕ್ಕೂ ಮುಂಚೆ ಅವನ ಮೈ ಎಷ್ಟು ಕೆಳಗೆ ಇಳಿದಿತ್ತು ನೋಡು. ಹದಿನಾಲ್ಕು ಸುತ್ತು ದಣಿದ ಮೇಲೂ ಆ ಕಾಲುಗಳು ಬಾಗುತ್ತಿದ್ದವು. ಹಾಗೆಯೇ ನಮ್ಮ ಪಕ್ಕದ ನಿಜಾಮಾಬಾದಿನ ನಿಖತ್ ಜರೀನ್ ಅವರ ಪಂದ್ಯಗಳನ್ನೂ ನೋಡು, 2022 ಮತ್ತು 2023ರಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದವರು. ಬೀದರ್ ದಾಟಿದರೆ ಅವರ ಊರೇನು ದೂರವಿಲ್ಲ. ನನ್ನ ಹತ್ತಿರ ಬರುವ ಹುಡುಗಿಯರು ಅವರ ಹೆಸರು ಹೇಳಿಕೊಂಡೇ ಬೆಳಗಿನ ಐದೂವರೆಗೆ ಹಾಜರಾಗುತ್ತಾರೆ.

ಹೆಜ್ಜೆಗಾರಿಕೆಗೆ ಹಗ್ಗ ಜಿಗಿತಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ, ಅಮೆಚೂರ್ ಪಂದ್ಯದ ಲೆಕ್ಕವೂ ಅದೇ. ನಮ್ಮೂರಿನ ‘ಅಪ್ಪನ ಕೆರೆ’ಯ ಸುತ್ತ ಓಡುವುದಿದ್ದರೆ ಪೂರ್ತಿ ಒಂದೇ ವೇಗದಲ್ಲಿ ಓಡಬೇಡ, ನಡುನಡುವೆ 30 ಸೆಕೆಂಡು ಜೋರಾಗಿ ಓಡು. ಏಪ್ರಿಲ್, ಮೇ ತಿಂಗಳಲ್ಲಿ ಏಳು ಗಂಟೆಯೊಳಗೆ ಎಲ್ಲ ಮುಗಿಸಿಬಿಡು, 40 ಡಿಗ್ರಿ ದಾಟುವ ನಮ್ಮ ಬಿಸಿಲಿನ ಜೊತೆ ಹಟ ಬೇಡ. ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿನ್ನ ತೂಕಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ತೊಗರಿ ಬೇಳೆಯಲ್ಲಿ 22 ಗ್ರಾಂ ಸುಮಾರು. ಜೋಳದ ರೊಟ್ಟಿ, ಗಟ್ಟಿ ಬೇಳೆ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ನಾಲ್ಕು ಮೊಟ್ಟೆ ಇದ್ದರೆ ಡಬ್ಬಿಯ ಪುಡಿಗೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸು.

ಸ್ಪಾರಿಂಗ್ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. 16 ಔನ್ಸ್ ಗ್ಲೌಸ್, ಹಲ್ಲಿಗೆ ಮೌತ್‌ಗಾರ್ಡ್. ಹೆಡ್‌ಗಾರ್ಡ್ ಹಾಕಿಕೊಂಡರೆ ಹುಬ್ಬು ಒಡೆಯುವುದು ಕಡಿಮೆಯಾಗುತ್ತದೆ, ಆದರೆ ಒಳಗೆ ಮಿದುಳು ಅಲುಗುವುದನ್ನು ಅದು ತಡೆಯುವುದಿಲ್ಲ. ಅದನ್ನು ನಂಬಿ ಏಟು ತಿನ್ನುತ್ತಾ ಹೋದವರನ್ನು ನೋಡಿದ್ದೇನೆ. ಕುತ್ತಿಗೆಯನ್ನು ಗಟ್ಟಿ ಮಾಡು. ಅಂಗೈಯನ್ನು ಹಣೆಗೆ, ಕಿವಿಯ ಮೇಲೆ, ಹಿಂದಲೆಗೆ ಒತ್ತಿ, ತಲೆ ಅಲುಗದಂತೆ ಹತ್ತು ಹತ್ತು ಸೆಕೆಂಡು ತಡೆದು ಹಿಡಿ. ತಾಲೀಮಿನಲ್ಲಿ ತಲೆಯ ಮೇಲೆ ಭಾರ ಹಾಕಿ ಮಾಡುವ ಕಮಾನು ಸಾಮನ್ನು ಒಬ್ಬನೇ ಇದ್ದಾಗ ಮಾಡಬೇಡ. ಏಟು ತಿಂದ ಮೇಲೆ ತಲೆನೋವು, ವಾಂತಿ, ಮಂಕು, ಬೆಳಕು ಚುಚ್ಚುವುದು ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗು, ಅವರು ಆಗಲಿ ಅನ್ನುವವರೆಗೆ ರಿಂಗಿನ ಕಡೆ ತಲೆ ಹಾಕಬೇಡ. ಹುಡುಗರು ನಾಚಿಕೆಯಿಂದ ಮುಚ್ಚಿಡುತ್ತಾರೆ. ನೀನು ಮುಚ್ಚಿಡಬೇಡ.

ಮೊದಲ ಹದಿನೈದು ದಿನ ಸ್ಪಾರಿಂಗ್ ಪೂರ್ತಿ ನಿಲ್ಲಿಸು. ದಿನಕ್ಕೆ ಹತ್ತು ನಿಮಿಷ ಹಗ್ಗದ ಅಡಿಯ ಕೆಲಸ, ಒಂದು ದಿನ ಬಿಟ್ಟು ಒಂದು ದಿನ ಚೆಂಡು ಒಗೆಯುವುದು. ಆಮೇಲೆ ಹಗ್ಗದ ಅಡಿಯಿಂದ ಬಲಕ್ಕೆ ದಾಟಿ ಎದ್ದ ತಕ್ಷಣ ಒಂದು ಕ್ರಾಸ್, ಎಡಕ್ಕೆ ದಾಟಿ ಎದ್ದ ತಕ್ಷಣ ಒಂದು ಹುಕ್, ಗಾಳಿಯಲ್ಲೇ. ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಸುತ್ತು ವಿಡಿಯೋ ಮಾಡಿಕೋ. ಅದರಲ್ಲಿ ನಿನ್ನ ಹಿಂಗಾಲಿನ ಹಿಮ್ಮಡಿಯನ್ನು ಮಾತ್ರ ನೋಡು, ಬೇರೇನೂ ಬೇಡ. ಅದು ಪ್ರತಿ ಕ್ರಾಸ್‌ಗೂ ತಿರುಗುತ್ತಿದೆಯೋ ಇಲ್ಲವೋ, ಕೂದಲಿಗೆ ಚಾಕ್ ಬಲಗಡೆ ಹತ್ತುತ್ತಿದೆಯೋ ಎಡಗಡೆಯೋ, ಇಲ್ಲೇ ಬರೆ. ಯಾವ ಕಡೆ ಹತ್ತುತ್ತದೆ ಎಂದು ಗೊತ್ತಾದರೆ ಯಾವ ಮೊಣಕಾಲು ಬಾಗುತ್ತಿಲ್ಲ ಎಂದು ನಾನು ಹೇಳಬಲ್ಲೆ.