ಪಶುವೈದ್ಯ ಉತ್ತರ: ಹೆಣ್ಣು ಕುದುರೆಯ ಗರ್ಭಕೋಶ ಮತ್ತು ಹಾರ್ಮೋನು

ಪ್ರಶ್ನೆ: ನಮ್ಮ ಹೆಣ್ಣು ಕುದುರೆಗೆ ಹದಿನೈದು ವರ್ಷ. ಹಿಂದೆ ಮರಿ ಹಾಕಿದ್ದರೂ ಈಚೆಗೆ ಗರ್ಭ ನಿಲ್ಲುತ್ತಿಲ್ಲ. ಗರ್ಭಕೋಶದಲ್ಲಿ ನೀರು ನಿಂತಿದೆ, ಬೆದೆಗೆ ಬಂದಾಗ ಮಾತ್ರ ತೊಳೆಯಬೇಕು ಎಂದು ವೈದ್ಯರು ಹೇಳುತ್ತಾರೆ. ಪರಿಚಯಸ್ಥರೊಬ್ಬರು ಮಾತ್ರ ಗರ್ಭ ನಿಲ್ಲಲು ಈಗಲೇ ಪ್ರೊಜೆಸ್ಟರಾನ್ ಹಾರ್ಮೋನು ಕೊಡಿಸಿ ಎನ್ನುತ್ತಾರೆ. ಯಾವುದು ಸರಿ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ವೈದ್ಯರ ಮಾತೇ ಸರಿ. ಕುದುರೆಯ ಋತುಚಕ್ರ ಸುಮಾರು 21 ದಿನಗಳದ್ದು. ಅದರಲ್ಲಿ ಬೆದೆಯ ಐದರಿಂದ ಏಳು ದಿನ ಈಸ್ಟ್ರೋಜೆನ್ ಎಂಬ ಹಾರ್ಮೋನು ಮೇಲುಗೈ ಪಡೆದಿರುತ್ತದೆ. ಅಂಡ ಬಿಡುಗಡೆಯಾದ ನಂತರದ ಎರಡು ವಾರ ಪ್ರೊಜೆಸ್ಟರಾನ್‌ನದು. ಈಸ್ಟ್ರೋಜೆನ್ ಹೆಚ್ಚಿರುವಾಗ ಗರ್ಭಕಂಠ ಸಡಿಲಗೊಳ್ಳುತ್ತದೆ, ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ರೋಗಾಣುಗಳನ್ನು ನುಂಗುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬೇಗನೆ ಬಂದು ಸೇರುತ್ತವೆ, ಸ್ನಾಯುಗಳು ಬಲವಾಗಿ ಸಂಕುಚಿಸಿ ಒಳಗಿನ ದ್ರವವನ್ನು ಹೊರದೂಡುತ್ತವೆ. ಪ್ರೊಜೆಸ್ಟರಾನ್ ಏರಿದಾಗ ಗರ್ಭಕಂಠ ಬಿಗಿಯಾಗಿ ಮುಚ್ಚಿಕೊಂಡು, ಒಳಗಿನ ರಕ್ಷಣೆಯ ಚುರುಕು ತಗ್ಗುತ್ತದೆ. ತಂದೆಯ ಅಂಶವನ್ನೂ ಹೊತ್ತ ಭ್ರೂಣವನ್ನು ತಾಯಿಯ ದೇಹ ಪರಕೀಯವೆಂದು ತಳ್ಳಿಹಾಕದಿರಲು ಈ ಶಾಂತಿ ಅಗತ್ಯ. ಆದರೆ ಆ ಹೊತ್ತಿಗೆ ಒಳಗೆ ರೋಗಾಣು ಉಳಿದಿದ್ದರೆ ಅದೇ ಶಾಂತಿ ಅವುಗಳಿಗೂ ಆಶ್ರಯವಾಗುತ್ತದೆ. ಅಂಡಾಶಯ ತೆಗೆದ ಕುದುರೆಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಈಸ್ಟ್ರೋಜೆನ್ ಪಡೆದವು ಗರ್ಭಕೋಶಕ್ಕೆ ಬಿಟ್ಟ ರೋಗಾಣುಗಳನ್ನು ನಿವಾರಿಸಿಕೊಂಡವು, ಪ್ರೊಜೆಸ್ಟರಾನ್ ಪಡೆದವು ಅದರಲ್ಲಿ ವಿಫಲವಾದವು.

ಗಂಡಿನೊಡನೆ ಕೂಡಿದ ಮೇಲೆ ಗರ್ಭಕೋಶದಲ್ಲಿ ಉರಿಯೂತ ಬರುವುದು ಸಹಜ. ರೋಗಾಣುಗಳಷ್ಟೇ ಅಲ್ಲ, ವೀರ್ಯಾಣುಗಳೂ ಅದಕ್ಕೆ ಕಾರಣ. ಆರೋಗ್ಯವಂತ ಕುದುರೆಯಲ್ಲಿ ಅದು ಒಂದೂವರೆ ದಿನದೊಳಗೆ ಇಳಿದುಬಿಡುತ್ತದೆ. ಭ್ರೂಣವು ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುವುದು ಅಂಡ ಬಿಡುಗಡೆಯಾದ ಸುಮಾರು ಆರನೆಯ ದಿನ. ಅಷ್ಟರೊಳಗೆ ಗರ್ಭಕೋಶ ಸ್ವಚ್ಛವಾಗಿರಲೇಬೇಕು. ವಯಸ್ಸಾದ, ಹಲವು ಬಾರಿ ಮರಿ ಹಾಕಿದ ಕುದುರೆಗಳಲ್ಲಿ ಗರ್ಭಕೋಶ ಸೊಂಟದ ಎಲುಬಿನ ಅಂಚಿಗಿಂತ ಕೆಳಕ್ಕೆ ಜೋತು ಬಿದ್ದಿರುತ್ತದೆ, ಸಂಕುಚನವೂ ದುರ್ಬಲವಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಕುದುರೆಯ ತೊಂದರೆಯ ಮೂಲ ಇಲ್ಲಿಯೇ ಇರುವ ಸಂಭವ ಹೆಚ್ಚು: ಬಿಳಿ ರಕ್ತಕಣಗಳು ಬಂದರೂ ಕೊಳೆ ಹೊರಹೋಗದೆ ನಿಂತುಬಿಡುತ್ತದೆ. ಇಂಥ ಸ್ಥಿತಿಯಲ್ಲಿ ಈಗಲೇ ಪ್ರೊಜೆಸ್ಟರಾನ್ ಕೊಡುವುದೆಂದರೆ ಕಸ ಗುಡಿಸುವ ಮೊದಲೇ ಮನೆಯ ಬಾಗಿಲು ಹಾಕಿದಂತೆ.

ಬೆದೆಯ ಆರಂಭದಲ್ಲಿ ಗರ್ಭಕೋಶದ ಮಾದರಿ ತೆಗೆಸಿ ಪ್ರಯೋಗಾಲಯಕ್ಕೆ ಕಳುಹಿಸಿರಿ. ಹೆಚ್ಚಾಗಿ ಸಿಗುವುದು ಸ್ಟ್ರೆಪ್ಟೊಕಾಕಸ್ ಅಥವಾ ಇ. ಕೊಲೈ ಎಂಬ ರೋಗಾಣು, ಔಷಧವನ್ನು ಆ ವರದಿ ನೋಡಿಯೇ ಆರಿಸಬೇಕು, ಅಂದಾಜಿನ ಮೇಲೆ ಆ್ಯಂಟಿಬಯೋಟಿಕ್ ತುಂಬಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಟ್ರಾಸೌಂಡ್ ನೆರವಿನಿಂದ ಅಂಡ ಬಿಡುಗಡೆಯ ಸಮಯ ಗುರುತಿಸಿ, ಸಾಧ್ಯವಿದ್ದಷ್ಟು ಒಂದೇ ಬಾರಿ ಕೂಡಿಸಿರಿ. ವೀರ್ಯಾಣುಗಳು ಅಂಡನಾಳ ಸೇರಲು ಸುಮಾರು ನಾಲ್ಕು ಗಂಟೆ ಬೇಕಾದ್ದರಿಂದ, ಅದಾದ ಬಳಿಕ ಸಲೈನ್‌ನಿಂದ ಗರ್ಭಕೋಶ ತೊಳೆದು, ಸಂಕುಚನಕ್ಕೆ ಆಕ್ಸಿಟೋಸಿನ್ ಕೊಡುವುದು ವೈದ್ಯರು ಅನುಸರಿಸುವ ಕ್ರಮ. ಬೆದೆ ಮುಗಿದ ಮೇಲೆ ಒಳಗೆ ಸೋಂಕು ಕಂಡುಬಂದರೆ, ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದಿನಿಂದ ಪ್ರೊಜೆಸ್ಟರಾನ್ ತಗ್ಗಿಸಿ ಕುದುರೆಯನ್ನು ಮತ್ತೆ ಬೇಗ ಬೆದೆಗೆ ತರಬಹುದು. ಅಂಡ ಬಿಡುಗಡೆಯಾಗಿ ಐದು ದಿನ ಕಳೆಯುವವರೆಗೆ ಒಂದೇ ಚುಚ್ಚುಮದ್ದು ಸಾಮಾನ್ಯವಾಗಿ ಫಲ ಕೊಡದು.

ಯೋನಿದ್ವಾರದ ತುಟಿಗಳು ಸರಿಯಾಗಿ ಮುಚ್ಚಿಕೊಳ್ಳುತ್ತವೆಯೇ ಎಂಬುದನ್ನೂ ನೋಡಿಸಿರಿ. ಅಲ್ಲಿಂದ ಗಾಳಿ, ಲದ್ದಿ ಒಳಸೇರುತ್ತಿದ್ದರೆ ಮೇಲ್ಭಾಗವನ್ನು ಹೊಲಿಯುವ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆ ಹೊಲಿಗೆಯನ್ನು ಮರಿ ಹಾಕುವ ಮುನ್ನ ಬಿಡಿಸಲು ಮರೆಯಬಾರದು. ಗರ್ಭಕೋಶ ಸ್ವಚ್ಛವಾಗಿರುವುದು ಖಚಿತವಾದ ಮೇಲೂ ಪ್ರೊಜೆಸ್ಟರಾನ್ ಬೇಕೇ ಎಂಬುದನ್ನು, ಅಂಡ ಬಿಡುಗಡೆಯಾದ 14ರಿಂದ 16ನೆಯ ದಿನದ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ಆಧಾರದ ಮೇಲೆ ನಿಮ್ಮ ವೈದ್ಯರೇ ನಿರ್ಧರಿಸಲಿ.