ಮುಯ್ಯಿಯ ಹೊಗಳಿಕೆ ಮತ್ತು ಮೂರನೆಯ ಹಂತದ ಬೇವಿನ ಮರ

ಪತ್ರ: ಸಂಪಾದಕರೇ, ಈಚೆಗೆ ಗೇಮ್ ಜಾಮ್ ಒಂದರಲ್ಲಿ, ಎಂದರೆ 48 ಗಂಟೆಗಳಲ್ಲಿ ಹೊಸ ಕಂಪ್ಯೂಟರ್ ಆಟವೊಂದನ್ನು ಮಾಡಿ ಮುಗಿಸುವ ಕೂಟದಲ್ಲಿ, ಒಬ್ಬನೇ ಕೂತು ಒಂದು ಸಣ್ಣ ಆಟ ಮಾಡಿದೆ. ಮೇ ತಿಂಗಳ ಬಿಸಿಲಲ್ಲಿ ಹುಡುಗನೊಬ್ಬ ನೆರಳಿನಿಂದ ನೆರಳಿಗೆ ಹಾಯ್ದು ಮನೆ ಸೇರಬೇಕು. ಹೊತ್ತು ಸರಿದಂತೆ ನೆರಳೂ ಸರಿಯುತ್ತದೆ. ಆಡಿದವರಲ್ಲಿ ಹೆಚ್ಚಿನವರು ‘ಸೂಪರ್’, ‘ಚೆನ್ನಾಗಿದೆ’ ಎಂದರು. ಒಬ್ಬರು ಮಾತ್ರ ಒಂದೂವರೆ ಪುಟ ತಪ್ಪುಗಳನ್ನೇ ಬರೆದರು. (ಅದನ್ನೂ ಆಟವನ್ನೂ ಜೊತೆಗೆ ಕಳುಹಿಸಿದ್ದೇನೆ.) ಎರಡು ದಿನದ ಪ್ರಯೋಗಕ್ಕೆ ಇಷ್ಟು ಕಠೋರ ವಿಮರ್ಶೆ ಬೇಕೆ? ಹೊಸಬರಿಗೆ ಪ್ರೋತ್ಸಾಹ ಕೊಡುವುದಲ್ಲವೇ ಸರಿ?
ಓದುಗ, ಹುಮನಾಬಾದ್

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಆಡದೆ ಉತ್ತರ ಬರೆಯುವುದು ನ್ಯಾಯವಲ್ಲವೆನಿಸಿ ಮೊದಲು ನಿಮ್ಮ ಆಟವನ್ನು ತೆರೆದೆ. ನಾನು ಆಡಿದ್ದು ಕಡಿಮೆ, ನಮ್ಮ ಕಚೇರಿಯಲ್ಲಿ ಪುಟವಿನ್ಯಾಸ ಮಾಡುವ ಹುಡುಗ ಆಡಿದ್ದೇ ಹೆಚ್ಚು. ನಾನು ಅವನ ಹಿಂದೆ ಕುರ್ಚಿ ಹಾಕಿಕೊಂಡು, ತುಟಿ ಬಿಚ್ಚದೆ, ಅವನ ಬೆರಳುಗಳನ್ನೇ ನೋಡುತ್ತ ಕುಳಿತೆ. ಮೊದಲ ಎರಡು ಹಂತಗಳನ್ನು ಅವನು ನಗುನಗುತ್ತ ದಾಟಿದ. ಮೂರನೆಯ ಹಂತದ ಬೇವಿನ ಮರದ ಕೆಳಗೆ ಸತ್ತ. ಮತ್ತೆ ಆಡಿ ಮತ್ತೆ ಅಲ್ಲೇ ಸತ್ತ. ನಾಲ್ಕನೆಯ ಸಲ ಪರದೆಗೆ ಮೂಗು ತಾಗುವಷ್ಟು ಬಾಗಿ, “ಸರ್, ಕಾಲು ನೆಳ್ಳಾಗೇ ಅವಲ್ರಿ, ಮತ್ಯಾಕ ಸಾಯ್ಲಾಕತ್ತಾನ ಇಂವ?” ಎಂದು ನನ್ನನ್ನೇ ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು. ಕಣ್ಣಿಗೆ ಕಾಣುವ ನೆರಳಿನ ಅಂಚಿಗೂ ಕಂಪ್ಯೂಟರು ಲೆಕ್ಕ ಹಿಡಿಯುವ ಅಂಚಿಗೂ ಅಲ್ಲಿ ಕೂದಲೆಳೆಯಷ್ಟು ಅಂತರವಿದೆ. ನುರಿತವರು ಈ ಲೆಕ್ಕವನ್ನು ಬೇಕೆಂದೇ ಆಡುವವನ ಕಡೆಗೆ ಸ್ವಲ್ಪ ವಾಲಿಸುತ್ತಾರೆ. ನಿಮ್ಮದು ಬಿಸಿಲಿನ ಕಡೆಗೆ ವಾಲಿದೆ.

ಆಮೇಲೆ ಆ ಒಂದೂವರೆ ಪುಟವನ್ನು ಓದಿದೆ. ಅದರ ಎರಡನೆಯ ವಾಕ್ಯದಲ್ಲಿಯೇ ಮೂರನೆಯ ಹಂತದ ಬೇವಿನ ಮರವಿದೆ. ಕೊನೆಯ ವಾಕ್ಯದಲ್ಲಿ ಒಂಬತ್ತನೆಯ ಹಂತದ ಬಾವಿಯಿದೆ. ಎಂದರೆ ಆ ಮನುಷ್ಯ, ಯಾರೋ ಏನೋ, ಮರದ ಕೆಳಗೆ ಸತ್ತು ಸತ್ತು ಎದ್ದು ನಿಮ್ಮ ಬಾವಿಯ ತನಕ ನಡೆದು ಬಂದಿದ್ದಾನೆ. ‘ಸೂಪರ್’ ಎಂದವರಲ್ಲಿ ಎಷ್ಟು ಜನ ಬಾವಿಯನ್ನು ಕಂಡಿದ್ದಾರೆಂದು ನೀವು ಕೇಳಿ ನೋಡಿದ್ದೀರಾ?

ಹೊಸಬರಿಗೆ ಪ್ರೋತ್ಸಾಹ ಬೇಕೆಂಬ ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟವನ ಬೆನ್ನನ್ನು ಯಾರಾದರೂ ತಟ್ಟಬೇಕು, ತಟ್ಟಲಿ. ಆದರೆ ಈ ಜಾಮ್‌ಗಳಲ್ಲಿ ಹೊಗಳಿಕೆ ಯಾವ ದಾರಿಯಲ್ಲಿ ಬರುತ್ತದೆಂಬುದನ್ನೂ ನೋಡಬೇಕು. 2002ರಲ್ಲಿ ಆರಂಭವಾದ ಲೂಡಮ್ ಡೇರ್ ಎಂಬ ಜಾಮ್‌ನಲ್ಲಿ ಒಬ್ಬರೇ ಮಾಡುವ ವಿಭಾಗಕ್ಕೆ 48 ಗಂಟೆ, ತಂಡ ಕಟ್ಟಬಹುದಾದ ವಿಭಾಗಕ್ಕೆ 72 ಗಂಟೆ. ಗಡುವು ಮುಗಿದ ಮೇಲೆ ಆಟ ಮಾಡಿದವರೇ ಒಬ್ಬರದನ್ನೊಬ್ಬರು ಆಡಿ, ಮೋಜು, ಹೊಸತನ, ಚಿತ್ರ, ಧ್ವನಿ, ಹಾಸ್ಯ ಎಂದು ಬೇರೆಬೇರೆಯಾಗಿ ಅಂಕ ಹಾಕುತ್ತಾರೆ. 20 ಮಂದಿಯ ಅಂಕವಾದರೂ ಬೀಳದ ಆಟಕ್ಕೆ ಸ್ಥಾನವೇ ಇಲ್ಲ. ಇತರರ ಆಟಗಳನ್ನು ಹೆಚ್ಚು ಆಡಿ ಅಭಿಪ್ರಾಯ ಬರೆದವರ ಆಟ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಏರ್ಪಾಡು ಒಳ್ಳೆಯ ಮನಸ್ಸಿನದೇ. ಆದರೂ ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮದುವೆಯ ಹಂದರ. ಅಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು, ಯಾರು ಎಷ್ಟು ಆಯೇರಿ ಮಾಡಿದರೆಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟೇ ಮುಟ್ಟಿಸಬೇಕಲ್ಲ! ನಿಮಗೆ ಬಂದ ‘ಸೂಪರ್’ಗಳಲ್ಲಿ ಅರ್ಧಕ್ಕರ್ಧ ಇಂಥ ಮುಯ್ಯಿಯೆಂದು ನನ್ನ ಅನುಮಾನ. ಒಂದೂವರೆ ಪುಟ ಬರೆದವನಿಗೆ ನೀವು ಏನನ್ನೂ ತಿರುಗಿ ಕೊಡಬೇಕಾಗಿರಲಿಲ್ಲ.

ನಿಮ್ಮ ಪಕ್ಕದ ತಾಲೂಕಿನ ಬಸವಕಲ್ಯಾಣವನ್ನು ನೆನೆಯಿರಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನ ದುಡಿಮೆಯನ್ನು ಕೊಂಡಾಡದೆ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದಳಂತೆ. ಯಾವುದು ಹೆಚ್ಚಾಯಿತು, ಅದನ್ನು ಎಲ್ಲಿ ಸುರಿಯಬೇಕು ಎಂಬ ಎರಡೂ ಆ ಒಂದು ಮಾತಿನಲ್ಲಿವೆ. ನಿಮ್ಮ ವಿಮರ್ಶಕನೂ ನೀವು ದಡ್ಡರೆಂದಾಗಲಿ ಜಾಣರೆಂದಾಗಲಿ ಎಲ್ಲಿಯೂ ಬರೆದಿಲ್ಲ. ಮರವೆಂದಿದ್ದಾನೆ, ಬಾವಿಯೆಂದಿದ್ದಾನೆ, ನೆರಳು ಸರಿಯುವಾಗ ಸದ್ದೇ ಇಲ್ಲವೆಂದಿದ್ದಾನೆ.

ಆತ ಎಡವಿದ್ದು ಒಂದು ಕಡೆ. ಆರನೆಯ ಹಂತದಲ್ಲಿ ನಡುಮಧ್ಯಾಹ್ನವಾಗಿ ನೆರಳೆಲ್ಲ ಕಾಲಡಿಗೆ ಸೇರುತ್ತದೆ. ಹುಡುಗ ಒಂದು ಕಟ್ಟೆಯ ಬದಿಗೆ ಒರಗಿ ಏನನ್ನೂ ಮಾಡದೆ ನಿಲ್ಲಬೇಕು. ‘ಇದು ಬೇಸರ, ತೆಗೆದುಹಾಕಿ’ ಎಂದು ಆತ ಬರೆದಿದ್ದಾನೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನವನ್ನು ಕಂಡವರ್ಯಾರೂ ಅದನ್ನು ತೆಗೆಯಿರೆನ್ನಲಾರರು, ನನಗಂತೂ ಇಡೀ ಆಟದಲ್ಲಿ ಮೆಚ್ಚುಗೆಯಾದದ್ದೇ ಹಾಗೆ ಸುಮ್ಮನೆ ನಿಲ್ಲುವುದು. ಪ್ರಯೋಗದ ಆಟಗಳ ತೊಡಕೇ ಇದು: ಅವುಗಳಲ್ಲಿ ಮಾಡಿದವನ ತಪ್ಪೂ ಮಾಡಿದವನ ಉದ್ದೇಶವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ‘ಬೇಸರವಾಯಿತು’ ಎಂಬುದನ್ನು ನೀವು ನಂಬಲೇಬೇಕು, ಏಕೆಂದರೆ ಅದು ಆತನಿಗೆ ನಿಜವಾಗಿ ಆದದ್ದು. ‘ತೆಗೆದುಹಾಕಿ’ ಎಂಬುದನ್ನು ಪಾಲಿಸಲೇಬೇಕೆಂದಿಲ್ಲ. ನೋವು ಎಲ್ಲಿದೆಯೆಂದು ರೋಗಿ ಹೇಳಬಲ್ಲ, ಮದ್ದು ಬರೆಯುವುದು ವೈದ್ಯರ ಕೆಲಸ. ಆ ಬೇಸರವನ್ನು ಇನ್ನಷ್ಟು ಬಿಸಿಯಾಗಿಸಲು ಒಂದು ಜೀರುಂಡೆಯ ಸದ್ದು ಸಾಕಾಗಬಹುದೋ ಏನೋ, ನೀವೇ ನೋಡಿಕೊಳ್ಳಿ.

‘ಎರಡೇ ದಿನದ್ದು’ ಎಂಬ ನೆವವನ್ನು ಮಾತ್ರ ದಯವಿಟ್ಟು ಬಿಡಿ. ಜಾಮ್‌ಗೆ ಬಂದ ಎಲ್ಲರದ್ದೂ ಅಷ್ಟೇ ದಿನದ್ದು. ಆಟದ ನಿಯಮಗಳನ್ನೇ ಪದಗಳಾಗಿ ಪರದೆಯ ಮೇಲಿಟ್ಟು, ಅವನ್ನು ತಳ್ಳಿ ಬದಲಿಸಲು ಬಿಡುವ ‘ಬಾಬಾ ಈಸ್ ಯೂ’ ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ; ಪೂರ್ಣರೂಪದಲ್ಲಿ ಹೊರಬಂದದ್ದು 2019ರಲ್ಲಿ. ಜಾಮ್‌ನ ಆಟವಿನ್ನೂ ಹಸಿ ಮಣ್ಣು, ಬೆರಳು ಒತ್ತಿದರೆ ಆಕಾರ ಬದಲಾಗುತ್ತದೆ. ಸುಟ್ಟು ಗಟ್ಟಿಯಾದ ಮೇಲೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಆಗ ಹೇಳಿ ಉಪಯೋಗವಿರುವುದಿಲ್ಲ.

ಇದು ನಿಮ್ಮೊಬ್ಬರ ಸಂಕಟವಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ನಮ್ಮ ಮಳಖೇಡದ ಅರಸನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದ ಮುಖ್ಯವಾಗಿ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲು. ಅಲಂಕಾರದ ಮಾತು ಆಮೇಲಿನದು. ಅದೇ ನೆಲದಲ್ಲಿ ಇಂದು ಪುಸ್ತಕ ಬಿಡುಗಡೆಗೆ ಹೋದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತು ಪುಟ ತಿರುವದೆ ಆಡಿದ ಹೊಗಳಿಕೆ. ನನ್ನ ಮೊದಲ ಕವನ ಸಂಕಲನವನ್ನು ಬಿಡುಗಡೆ ಮಾಡಿದ ಹಿರಿಯರೊಬ್ಬರು ಅದನ್ನು ಮುಕ್ಕಾಲು ಗಂಟೆ ಕಥಾ ಸಂಕಲನವೆಂದು ಕೊಂಡಾಡಿದರು, ನಾನೂ ಕೈಮುಗಿದು ಕೂತಿದ್ದೆ. ಆ ಪುಸ್ತಕದ ಬಗ್ಗೆ ನನಗೆ ಸಿಕ್ಕ ಒಂದೇ ನಿಜವಾದ ಅಭಿಪ್ರಾಯ ಅಚ್ಚಿನ ಮೊಳೆ ಜೋಡಿಸಿದ ಕಂಪಾಸಿಟರ್‌ನದು: “ನಾಕನೇ ಪದ್ಯದಾಗಿನ ಸಾಲೇ ಹನ್ನೊಂದರಾಗೂ ಬಂದದಲ್ರಿ, ಮೊಳೆ ಹಂಗೇ ಇಡ್ಲೇನು?” ಅಂದು ಸಿಟ್ಟು ಬಂದಿತ್ತು. ಇಂದಿಗೂ ಏನೇ ಬರೆದರೂ ಆ ಹನ್ನೊಂದನೆಯ ಪದ್ಯ ಕಣ್ಣಮುಂದೆ ನಿಲ್ಲುತ್ತದೆ.

ಮುಂದಿನ ಜಾಮ್‌ನಲ್ಲಿ ನೀವೂ ಇತರರ ಆಟ ಆಡುವಿರಲ್ಲ, ಆಗ ಎಲ್ಲಿ ನಿಂತಿರಿ, ಆ ಕ್ಷಣದಲ್ಲಿ ಏನಾಗುವುದೆಂದುಕೊಂಡಿರಿ, ಏನಾಯಿತು ಎಂಬುದನ್ನು ಬರೆಯಿರಿ. ನಡುವೆ ಬಿಟ್ಟಿದ್ದರೆ ಬಿಟ್ಟ ಜಾಗವನ್ನು ಮುಚ್ಚಿಡಬೇಡಿ. ನಿಮ್ಮ ಆಟವನ್ನು ಒಬ್ಬರು ಎದುರಿಗೇ ಆಡುತ್ತಿದ್ದರೆ ‘ಅಲ್ಲಿ ಹಾಗಲ್ಲ, ಹೀಗೆ’ ಎನ್ನುವ ನಾಲಿಗೆಯನ್ನು ಹಲ್ಲಿನ ಒಳಗೇ ಇರಿಸಿಕೊಳ್ಳಿ. ಇದು ಬಹಳ ಕಷ್ಟ. ನಿಮ್ಮ ಆಟವನ್ನು ಮಾಡಿದವನಲ್ಲದ ನನಗೇ ಆ ಹುಡುಗನ ಹಿಂದೆ ಕೂತು ಸುಮ್ಮನಿರುವುದು ಸಾಕುಸಾಕಾಯಿತು.

ಆ ವಿಮರ್ಶಕನಿಗೆ ನೀವು ಇನ್ನೂ ಉತ್ತರ ಬರೆದಿಲ್ಲವೆಂದು ಪತ್ರದ ಧಾಟಿಯಿಂದ ತಿಳಿಯುತ್ತದೆ. ಬರೆಯಿರಿ, ಬಾವಿಯಲ್ಲಿ ಆತ ಎಷ್ಟು ಸಲ ಬಿದ್ದನೆಂದು ಕೇಳಿ. ಮರವನ್ನು ಸರಿಪಡಿಸಿದ ಮೇಲೆ ಆಟದ ಒಂದು ಪ್ರತಿಯನ್ನು ನಮ್ಮ ಕಚೇರಿಗೂ ಕಳುಹಿಸಿ. ನಮ್ಮ ಹುಡುಗ ಊಟದ ಬಿಡುವಿನಲ್ಲಿ ಈಗಲೂ ಆ ಬೇವಿನ ಮರದ ಕೆಳಗೇ ಸಾಯುತ್ತಿದ್ದಾನೆ.